ತಂಗಿ ಕತ್ತರಿ ಹಿಡಿದ ದಿನ

ನಲವತ್ತೊಂಬತ್ತು ವರ್ಷ ಲಕ್ಷಣವಾಗಿದ್ದ ನನ್ನ ತಂಗಿಗೆ ಇದ್ದಕ್ಕಿದ್ದಂತೆ ತಲೆ ಕೆಟ್ಟಿತು ಅಂತಲೇ ನಾನು ಮೊದಲು ತಿಳಿದದ್ದು. ಇಪ್ಪತ್ತಾರು ವರ್ಷದಿಂದ ನಮ್ಮ ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆದು ಬಟ್ಟೆ ಕತ್ತರಿಸುವವಳು ನಾನು, ಮಿಷನ್ ಮೇಲೆ ಕೂತು ಹೊಲಿಯುವವಳು ಅವಳು. ನಾನು ಮಿಷನ್ ಮುಟ್ಟಿದವಳಲ್ಲ, ಅವಳು ಕತ್ತರಿ ಮುಟ್ಟಿದವಳಲ್ಲ. ಗಿರಾಕಿಗಳು ಹೊಗಳಿದರೆ ಇಬ್ಬರೂ ಹಂಚಿಕೊಳ್ಳುತ್ತಿದ್ದೆವು, ಬೈದರೆ ನಾನು ಅವಳ ಕಡೆ ಕೈ ತೋರಿಸುತ್ತಿದ್ದೆ. ಅವಳು ನಕ್ಕು ಸುಮ್ಮನಾಗುತ್ತಿದ್ದಳು, ಪಾಪ.

ಆ ಮಂಗಳವಾರ ಗುಂಡಿ ಹಚ್ಚುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಅಕ್ಕ, ನಾಟಕ ಮಂದಿರದಲ್ಲಿ ಉಡುಪು ಕತ್ತರಿಸೋಕೆ ಜನ ಬೇಕಂತೆ. ಸೋಮವಾರ ಒಂದು ಕೋಟು ತೋರಿಸ್ಬೇಕು. ಕತ್ತರಿಸೋದರಿಂದ ಹಿಡಿದು ಎಲ್ಲ ಒಬ್ಬರೇ ಮಾಡಿರ್ಬೇಕು. ನಾನು ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯ? ಕತ್ತರಿ ಯಾವ ಕಡೆಯಿಂದ ಹಿಡೀಬೇಕು ಅಂತಾದ್ರೂ ಗೊತ್ತಾ ನಿಂಗೆ?"

"ಇಷ್ಟು ವರ್ಷ ನಿನ್ನ ಕೈ ನೋಡಿದ್ದೀನಲ್ಲ. ಅಷ್ಟೂ ಗೊತ್ತಾಗಲ್ವಾ?"

"ಈ ವಯಸ್ಸಲ್ಲಿ ಬೇಕಾ ಇದೆಲ್ಲ? ಇಲ್ಲಿ ನಿಂಗೇನು ಕಮ್ಮಿಯಾಗಿದೆ?"

"ಏನೂ ಕಮ್ಮಿಯಿಲ್ಲ ಅಕ್ಕ. ಅದಕ್ಕೇ ಭಯ. ಹೀಗೇ ಕೂತಲ್ಲೇ ಮುದುಕಿ ಆಗ್ಬಿಡ್ತೀನೇನೋ ಅಂತ."

ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಇಟ್ಟಿದ್ದನ್ನೆಲ್ಲ ಕುಕ್ಕಿ ಇಟ್ಟೆ. ನಿಜ ಹೇಳಬೇಕೆಂದರೆ ಅದು ಸಿಟ್ಟಲ್ಲ, ಹೆದರಿಕೆ. ಅವಳಿಲ್ಲದ ಅಂಗಡಿಯಲ್ಲಿ ನಾನು ಯಾರ ಮೇಲೆ ರೇಗಲಿ?

ಕೋಟು ನಮ್ಮ ಯಜಮಾನರ ಅಳತೆಗೆ ಅಂತ ತೀರ್ಮಾನವಾಯಿತು. ಬಸ್ ಓಡಿಸುವ ಮನುಷ್ಯ, ಎರಡು ನಿಮಿಷ ನೆಟ್ಟಗೆ ನಿಂತು ಅಳತೆ ಕೊಟ್ಟವರಲ್ಲ. "ನನ್ನ ಅಳತೆ ನಿಮ್ಮಕ್ಕನ ಪುಸ್ತಕದಲ್ಲಿ ಇದೆಯಲ್ಲಮ್ಮ, ನೋಡ್ಕೋ. ಸೋಮವಾರ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದು ಹಾಕ್ಕೊಂಡು ನಿಂತ್ಕೋತೀನಿ" ಅಂದುಬಿಟ್ಟರು. ಹೆಂಡತಿಯನ್ನು ಒಂದು ಮಾತು ಕೇಳಬೇಕು ಅಂತ ಅನ್ನಿಸಲಿಲ್ಲ, ದೊಡ್ಡ ಮನುಷ್ಯರಿಗೆ.

ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ತಂಗಿ ನನ್ನ ಮೇಜಿನ ಮೇಲೆ ಬಟ್ಟೆ ಹಾಸಿದಳು. ಬೂದು ಬಣ್ಣದ ಉಣ್ಣೆ, ಒಂದು ಕೋಟಿಗೆ ಸರಿಯಾಗಿ ಸಾಕಾಗುವಷ್ಟು. ಇಂಥ ದಿನಕ್ಕೆ ಇರಲಿ ಅಂತ ಹೊಸ ಟೇಪು ಬೇರೆ ತಂದಿದ್ದಳು. ನಾನು ಮೂಲೆಯಲ್ಲಿ ಚಹಾ ಹಿಡಿದು ಕೂತೆ. ಪುಸ್ತಕ ತೆರೆದು, ಹೊಸ ಟೇಪಿನಲ್ಲಿ ಅಳೆದು, ಸೀಮೆಸುಣ್ಣದಿಂದ ಭುಜದ ಗುರುತು ಹಾಕಿದಳು. ಆ ಗುರುತು ನೋಡಿದಾಗಲೇ ನನಗೆ ನೆನಪಾದದ್ದು.

ನನ್ನ ಹಳೇ ಟೇಪಿನ ಮೊದಲ ಇಂಚು ಹರಿದು ಎಷ್ಟೋ ವರ್ಷವಾಗಿದೆ. ಅದು ಶುರುವಾಗುವುದೇ ಒಂದರಿಂದ. ಹದಿನೆಂಟು ಇಂಚಿನ ಭುಜ ಅದರಲ್ಲಿ ಹತ್ತೊಂಬತ್ತು ಅಂತ ತೋರಿಸುತ್ತದೆ. ನಾನು ಹತ್ತೊಂಬತ್ತು ಅಂತಲೇ ಬರೆದುಕೊಂಡು, ಕತ್ತರಿಸುವಾಗ ಮನಸ್ಸಿನಲ್ಲೇ ಒಂದು ಕಳೆಯುತ್ತೇನೆ. ಈ ದರಿದ್ರ ಅಭ್ಯಾಸ ನನ್ನೊಬ್ಬಳಿಗೇ ಗೊತ್ತು. ಕತ್ತರಿಸಿ ಕೊಟ್ಟದ್ದನ್ನು ಹೊಲಿಯುವವಳಿಗೆ ಹೇಗೆ ಗೊತ್ತಾಗಬೇಕು? ಭುಜ, ತೋಳು, ಉದ್ದ, ಎಲ್ಲ ಒಂದೊಂದು ಇಂಚು ಹೆಚ್ಚು. ಆ ಕೋಟು ನಮ್ಮ ಯಜಮಾನರ ಮೈಮೇಲೆ ಗೂಟಕ್ಕೆ ನೇತುಹಾಕಿದ ಹಾಗೆ ಕಾಣುತ್ತದೆ. ಅವಳನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ.

ಅವಳು ಎಲ್ಲೂ ಹೋಗುವುದಿಲ್ಲ.

ನಾಲಿಗೆ ಮೇಲೆ ಬಂದ ಮಾತನ್ನು ಚಹಾದ ಜೊತೆ ನುಂಗಿಬಿಟ್ಟೆ. ನಾನೇನು ಮೋಸ ಮಾಡಿದೆನಾ, ಸುಮ್ಮನೆ ಕೂತಿದ್ದೇನೆ ಅಷ್ಟೇ, ಅಂತ ಸಮಾಧಾನ ಮಾಡಿಕೊಂಡೆ. ಅರ್ಧ ಗಂಟೆ ಹಾಗೇ ಕಳೆಯಿತು. ಅವಳು ಒಂದೊಂದು ಗೆರೆಯನ್ನೂ ಎರಡೆರಡು ಸಲ ಅಳೆದಳು. ಹಣೆಯ ಮೇಲೆ ಬೆವರು. ಕೊನೆಗೆ ನನ್ನ ದೊಡ್ಡ ಕತ್ತರಿ ಎತ್ತಿಕೊಂಡಳು. "ಅಕ್ಕ, ಇಲ್ಲಿ ಬಂದು ಪಕ್ಕದಲ್ಲಿ ನಿಂತ್ಕೋ ಸ್ವಲ್ಪ. ನೀನಿದ್ರೆ ಧೈರ್ಯ" ಅಂದಳು.

ಥೂ, ನನ್ನ ಜನ್ಮಕ್ಕಿಷ್ಟು!

"ಕತ್ತರಿಸ್ಬೇಡ ಕಣೇ!" ಅಂತ ಕಿರುಚಿದೆ. ಚಹಾ ಮೈಮೇಲೆ ಚೆಲ್ಲಿತು. ಹರಿದ ಟೇಪಿನ ಕಥೆ ಒಂದೇ ಉಸಿರಿಗೆ ಹೇಳಿದೆ.

ಅವಳು ಗೋಡೆಯಿಂದ ನನ್ನ ಟೇಪು ತೆಗೆದು ಅದರ ತುದಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ನೀನು ಆವಾಗಿಂದ ನೋಡ್ತಾ ಕೂತಿದ್ದೆ, ಅಲ್ವಾ?"

"ಹೂಂ. ಅರ್ಧ ಗಂಟೆಯಿಂದ. ನೀನು ಹೋಗ್ಬಾರ್ದು ಅಂತ." ಅಂದೆ. "ಬೈದುಬಿಡು."

ಅವಳು ಬೈಯಲಿಲ್ಲ. ಕತ್ತರಿ ಕೆಳಗಿಟ್ಟು, ನನ್ನ ಸೆರಗಿನ ಮೇಲಿನ ಚಹಾ ಒರೆಸುತ್ತ ಹೇಳಿದಳು: "ನೀನು ಅರ್ಧ ಗಂಟೆ ಸುಮ್ನಿದ್ದೆ. ಕತ್ತರಿ ಹಿಡೀಬೇಕು ಅಂತ ನಂಗೆ ಮೊದಲ ವರ್ಷದಿಂದ್ಲೇ ಆಸೆ. ನಿನ್ನೊಬ್ಬಳನ್ನೇ ಬಿಟ್ಟು ಹೋಗೋ ಹಾಗಾಗತ್ತೆ ಅಂತ ನಾನು ಇಪ್ಪತ್ತಾರು ವರ್ಷ ಸುಮ್ನಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಅವಳಿಗೂ ಅಷ್ಟೇ. ಬಟ್ಟೆ ಮೇಲೆ ಕಣ್ಣೀರು ಬೀಳಿಸಬೇಡ ಅಂತ ಒಬ್ಬರಿಗೊಬ್ಬರು ಗದರಿಕೊಂಡು ಹಳೇ ಗೆರೆಗಳನ್ನು ಉಜ್ಜಿ ತೆಗೆದೆವು. ಹೊಸ ಗೆರೆಗಳನ್ನು ಅವಳೊಬ್ಬಳೇ ಹಾಕಿದಳು. ಕತ್ತರಿಸಿದಳು. ತೋಳಿನ ತಿರುವಿನಲ್ಲಿ ಕೈ ಒಂದು ಚೂರು ಜಾರಿತು. ನನ್ನ ಕೈ ಮುಂದೆ ಹೋಯಿತು, ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅವಳೇ ಸರಿಮಾಡಿಕೊಂಡಳು.

ಸೋಮವಾರ ಕೋಟು ನಮ್ಮ ಯಜಮಾನರ ಮೈಗೆ ಹೇಳಿಮಾಡಿಸಿದ ಹಾಗೆ ಕೂತಿತಂತೆ. ಎಡತೋಳಿನಲ್ಲಿ ಒಂದು ಕಡೆ ಸ್ವಲ್ಪ ಎಳೆದಿದೆ ಅಂದರಂತೆ ಅಲ್ಲಿನವರು, ಆದರೂ ಒಂದನೇ ತಾರೀಖಿನಿಂದ ಬಾ ಅಂದರಂತೆ. ಇವರು ಕೋಟು ಬಿಚ್ಚದೆ ಮನೆಯ ತನಕ ಬಸ್ಸಿನಲ್ಲೇ ಬಂದರು, ಎಲ್ಲರಿಗೂ ನಾದಿನಿ ಹೊಲಿದದ್ದು ಅಂತ ಹೇಳಿಕೊಂಡು.

ಒಂದನೇ ತಾರೀಖು ಬೆಳಿಗ್ಗೆ ಅವಳನ್ನು ಬೀದಿಯ ತುದಿಯವರೆಗೆ ಕಳಿಸಿ ಬಂದೆ. ಅಂಗಡಿ ಭಣಭಣ ಅನ್ನುತ್ತಿತ್ತು. ಸುಮ್ಮನೆ ಕೂತರೆ ಅಳು ಬರುತ್ತದೆ ಅಂತ ಮಿಷನ್ ಮುಂದೆ ಹೋಗಿ ಕೂತೆ. ಐವತ್ತೆಂಟು ವರ್ಷದ ಕಾಲು ಪೆಡಲ್ ಮೇಲಿಟ್ಟು, ಚಿಂದಿ ಬಟ್ಟೆಯ ಮೇಲೆ ಒಂದು ಹೊಲಿಗೆ ಹಾಕಿದೆ. ದೇವರೇ, ಕುಡಿದವರು ನಡೆದ ಹಾಗಿತ್ತು. ದಾರ ಎರಡು ಸಲ ತುಂಡಾಯಿತು. ಬಿಚ್ಚಿ, ಮತ್ತೆ ಹಾಕಿದೆ. ಅಷ್ಟರಲ್ಲಿ ಪಕ್ಕದ ಬೀದಿಯ ಮೇಷ್ಟ್ರು ಪ್ಯಾಂಟು ಹಿಡಿದುಕೊಂಡು ಬಂದರು, "ನಾಳೆಗೆ ಸಿಗತ್ತೇನಮ್ಮ?" ಅಂತ.

"ನಾಲ್ಕು ದಿನ ಬಿಟ್ಟು ಬನ್ನಿ ಮೇಷ್ಟ್ರೇ" ಅಂದೆ. "ಹೊಲಿಯೋವಳು ಹೊಸಬಳು."