ಮುಚ್ಚಿದರೂ ನಿಲ್ಲದ ಅಂಕಿ

೧೯೯೯ರ ಆಗಸ್ಟಿನ ಸೂರ್ಯಗ್ರಹಣಕ್ಕೆ ಹನ್ನೆರಡು ದಿನ ಉಳಿದಿತ್ತು. ಗೋಕಾಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಪ್ರಣಿತಾ, ಗ್ರಹಣದ ಹೊತ್ತಿಗೆ ಬಿಸಿಲಿನ ಕಾವು ಎಷ್ಟು ಇಳಿಯುತ್ತದೆಂದು ಅಳೆಯಲು ಹೊರಟಿದ್ದಳು. ಕಾವಿಗೆ ತಕ್ಕಷ್ಟು ವೋಲ್ಟೇಜ್ ಕೊಡುವ ಥರ್ಮೋಪೈಲ್ ಎಂಬ ಕೊಳವೆ ಲ್ಯಾಬಿನಲ್ಲೇ ಇತ್ತು. ಆದರೆ ಸುಡುಬಿಸಿಲಿಗೆ ಹಿಡಿದರೂ ಅದು ಕೊಡುತ್ತಿದ್ದುದು ವೋಲ್ಟಿನ ಸಾವಿರದಲ್ಲೊಂದು ಪಾಲು. ಅದನ್ನು ಕಂಪ್ಯೂಟರಿಗೆ ಅಂಕಿಯಾಗಿಸಿ ಕೊಡುವ ಚಿಪ್ ಬೇಕಿತ್ತು.

ಪುಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರ ಪಟ್ಟಿಯಲ್ಲಿ ಅಂಥವು ಎರಡಿದ್ದವು. ಹನ್ನೆರಡು ಬಿಟ್ಟಿನದು ಬಹಳ ಚುರುಕು, ಆದರೆ ಅದು ಗುರುತಿಸಬಲ್ಲ ಅತಿ ಚಿಕ್ಕ ಮೆಟ್ಟಿಲೇ ಥರ್ಮೋಪೈಲಿನ ಇಡೀ ವೋಲ್ಟೇಜಿಗಿಂತ ದೊಡ್ಡದು. ಇಪ್ಪತ್ನಾಲ್ಕು ಬಿಟ್ಟಿನದು ನಿಧಾನ, ಆದರೆ ಅದೇ ಅಳತೆಯನ್ನು ಒಂದೂವರೆ ಕೋಟಿಗೂ ಹೆಚ್ಚು ಸಣ್ಣ ಮೆಟ್ಟಿಲುಗಳಾಗಿ ಒಡೆಯುತ್ತಿತ್ತು. ಅವಳು ಎರಡನೆಯದನ್ನೇ ತರಿಸಿದಳು.

ಕೊಳವೆಯ ಬಾಯಿಗೆ ಮುಚ್ಚಳ ಹಾಕಿ ನೋಡಿದರೆ ಪರದೆಯ ಮೇಲಿನ ಕೊನೆಯ ಅಂಕಿಗಳು ನಿಲ್ಲಲೇ ಇಲ್ಲ.

“ಮುಚ್ಚಿದ ಮ್ಯಾಲ ಸೊನ್ನಿ ಬರಬೇಕಲ್ರಿ ಮೇಡಂ?” ಎಂದ ಲ್ಯಾಬ್ ಸಹಾಯಕ ರಾಜಪ್ಪ. ನಿವೃತ್ತಿಗೆ ಎರಡು ವರ್ಷವಿದ್ದ ಮನುಷ್ಯ.

ಅವಳು ಬೆಸುಗೆ ಬಿಚ್ಚಿ ಮತ್ತೆ ಹಾಕಿದಳು. ತಂತಿ ಬದಲಿಸಿದಳು. ಫ್ಯಾನು, ಟ್ಯೂಬ್‌ಲೈಟು ಆರಿಸಿದಳು. ಕುಣಿತ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ತಪ್ಪು ತನ್ನದೋ ಚಿಪ್ಪಿನದೋ ತಿಳಿಯದೆ ಅಂಗಡಿಗೆ ಫೋನ್ ಮಾಡಿದಳು. ಫೋನ್ ಎತ್ತಿಕೊಂಡ ಅಂಗಡಿಯ ಕೇದಾರಿ ಗೋಕಾಕದ ಪಕ್ಕದ ಹುಕ್ಕೇರಿಯವನೇ, ಕನ್ನಡದಲ್ಲೇ ಮಾತಾಡಿದ.

“ಇಪ್ಪತ್ನಾಕು ಅನ್ನೂದು ಹೆಸರಿಗಷ್ಟ ಮೇಡಂ. ಕಡೀಕಿನ ಏಳೆಂಟು ಬಿಟ್ಟು ಚಿಪ್ಪಿನ ಸ್ವಂತ ಗದ್ದಲಾ. ಅದನ್ನ ಹಿಡೀಬ್ಯಾಡ್ರಿ.”

“ಹಂಗಾರ ಖರೆ ಎಷ್ಟರಿ?”

“ಹದಿನೇಳು ಅನ್ರಿ. ಒಮ್ಮೊಮ್ಮೆ ಹದಿನಾರು.”

ಕೊಟ್ಟವನಿಗೇ ಗೊತ್ತಿಲ್ಲವಲ್ಲ ಎನ್ನಿಸಿತು. ಆದರೂ ಕೊನೆಯ ಅಂಕಿಗಳನ್ನು ಪರದೆಯಿಂದ ತೆಗೆದಳು. ಉಳಿದವು ತೆಪ್ಪಗೆ ನಿಂತವು. ತಾನು ತೆಗೆದದ್ದು ಬರೀ ಗದ್ದಲವೋ, ಜೊತೆಗೆ ಒಂದಿಷ್ಟು ನಿಜವೋ ಎಂಬ ಅನುಮಾನ ಮಾತ್ರ ಹೋಗಲಿಲ್ಲ.

ಗ್ರಹಣದ ಸಂಜೆ ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಕಾಲೇಜಿನ ಮಾಳಿಗೆಯ ಮೇಲೆ ಅವಳು, ರಾಜಪ್ಪ ಇಬ್ಬರೇ. ಅಂಕಿ ಇಳಿಯತೊಡಗಿತು. ಪ್ರಣಿತಾಳ ಎದೆ ಹಗುರಾಯಿತು. ಅಷ್ಟರಲ್ಲಿ ಗೋಕಾಕ ಫಾಲ್ಸ್ ಕಡೆಯಿಂದ ಮೋಡ ಬಂತು. ಅಂಕಿ ಧಡಕ್ಕನೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ಸೂರ್ಯನೂ ಮುಳುಗುವ ದಾರಿಯಲ್ಲಿದ್ದ.

“ಇದು ಗ್ರಹಣದ್ದೇನ್ರಿ, ಮಾಡದ್ದೇನ್ರಿ?”

“ನನಗೂ ಗೊತ್ತಾಗವಲ್ದು ರಾಜಪ್ಪ. ಮಾಡ ಬಂದಾಗೆಲ್ಲಾ ಟೈಮ್ ಬರೀರಿ.”

ಮರುದಿನದಿಂದ ಅದೇ ಹೊತ್ತಿಗೆ ಮಾಳಿಗೆ ಹತ್ತಿದರು. ಮಾಮೂಲಿ ಸಂಜೆಯ ಬಿಸಿಲು ಹೇಗೆ ಇಳಿಯುತ್ತದೆಂದು ಗೊತ್ತಾದರೆ ಅದರೊಡನೆ ಹೋಲಿಸಬಹುದಿತ್ತು. ಶ್ರಾವಣದ ಆಕಾಶ ತಿಳಿಯಾಗಲು ಒಂಬತ್ತು ದಿನ ಹಿಡಿಯಿತು. ಎರಡೂ ಗೆರೆಗಳನ್ನು ಒಂದೇ ಹಾಳೆಗೆ ತಂದಾಗ, ಗ್ರಹಣದ ದಿನ ಮೋಡವಿಲ್ಲದ ಹನ್ನೊಂದು ನಿಮಿಷಗಳಲ್ಲಿ ಅಂಕಿ ಮಾಮೂಲಿನ ಅರ್ಧಕ್ಕಿಂತ ಕೆಳಗಿತ್ತು. ಅಷ್ಟನ್ನು ಅವಳು ನಂಬಿದಳು. ಉಳಿದ ಕಡೆ ಗೆರೆ ಎಳೆಯದೆ ಖಾಲಿ ಬಿಟ್ಟಳು.

ಪ್ರಾಚಾರ್ಯರು ಹಾಳೆ ಹಿಡಿದು ಬಹಳ ಹೊತ್ತು ನೋಡಿದರು. “ನಡುನಡುವ ಇಲಿ ತಿಂದಂಗ ಯಾಕೈತಿದು?”

ಅವಳು ಮೋಡದ ಕತೆ ಹೇಳಿದಳು, ಚಿಪ್ಪಿನ ಗದ್ದಲವನ್ನೂ ಹೇಳಿದಳು. ಅವರು ಅರ್ಥವಾದವರಂತೆ ತಲೆಯಾಡಿಸಿ, ಹಾಳೆಯನ್ನು ನೋಟಿಸ್ ಬೋರ್ಡಿಗೆ ಹಚ್ಚಲು ರಾಜಪ್ಪನ ಕೈಗೆ ಕೊಟ್ಟರು.