ಬಿಸಿಲು ಕಾಯಿಸಿದ ನೀರು

ಹಾಸಿಗೆ ಮಾಡುವವರ ಮೂಗಿನ ಕಷ್ಟ ಹಾಸಿಗೆ ಮಾಡುವವರಿಗೇ ಗೊತ್ತು. ದಿನವಿಡೀ ಹತ್ತಿ ಹಿಂಜಿದರೆ ಸಂಜೆಗೆ ಮೂಗಿನೊಳಗೇ ಒಂದು ಪುಟ್ಟ ದಿಂಬು ತಯಾರಾಗಿರುತ್ತದೆ. ಬೀದಿಯವರೆಲ್ಲ ಹತ್ತಿಯಣ್ಣ ಎಂದೇ ಕರೆಯುವ ನಮ್ಮ ಮನುಷ್ಯ ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ಉದ್ದ ಮೂತಿಯ ಚಿಕ್ಕ ಪಾತ್ರೆಗೆ ನಲ್ಲಿ ನೀರು ಹಿಡಿದು, ಚಿಟಿಕೆ ಉಪ್ಪು ಹಾಕಿ, ಒಂದು ಹೊಳ್ಳೆಯಿಂದ ಬಿಟ್ಟು ಇನ್ನೊಂದರಿಂದ ಹೊರಗೆ ಹರಿಸುತ್ತಿದ್ದ. ತಾರಸಿಯ ಕಪ್ಪು ಟ್ಯಾಂಕ್ ಇಡೀ ದಿನ ಬಿಸಿಲಿಗೆ ಕಾದು, ನೀರು ಹಿತವಾಗಿ ಬೆಚ್ಚಗಿರುತ್ತಿತ್ತು.

"ಒಲೆ ಹಚ್ಚೋ ಕೆಲಸವೇ ಇಲ್ಲ. ಸೂರ್ಯನೇ ನಮ್ಮನೆ ಆಳು!" ಎಂದು ಜಂಬ ಕೊಚ್ಚುತ್ತಿದ್ದ.

ಒಂದು ಸಂಜೆ ಮಗಳಿಗೂ ಮೂಗು ಕಟ್ಟಿತ್ತು. ಮೂರು ದಿನದಿಂದ ಊಟ ರುಚಿಸದೆ ಅವಳ ಮುಖ ಸಪ್ಪಗಾಗಿತ್ತು. ಅದನ್ನು ನೋಡಲಾರದೆ ಅಪ್ಪ ಅವಳನ್ನು ಬಚ್ಚಲಲ್ಲಿ ನಿಲ್ಲಿಸಿ, ತಲೆ ಓರೆ ಮಾಡಿಸಿ, ಪಾತ್ರೆ ಎತ್ತಿದ. ಅಷ್ಟರಲ್ಲಿ ಅಕ್ಕನನ್ನು ನೋಡಿಕೊಂಡು ಹೋಗೋಣವೆಂದು ನಾದಿನಿ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸ್.

"ಭಾವ, ನಿಲ್ಸಿ! ಅದು ಕುದಿಸಿದ ನೀರಾ?" ಎನ್ನುತ್ತಾ ಪಾತ್ರೆಯ ಮೇಲೆ ಕೈಯಿಟ್ಟಳು.

"ಮುಟ್ಟಿ ನೋಡಮ್ಮ, ಬೆಚ್ಚಗಿದೆ."

"ಅದೇ ಭಯ. ಬೆಚ್ಚಗಿನ ನೀರಲ್ಲಿ ಅಮೀಬಾ ಅಂತ ಕಣ್ಣಿಗೆ ಕಾಣದ ಜೀವಿ ಬೆಳೀಬಹುದು. ಮೂಗಿನ ಮೇಲ್ಗಡೆವರೆಗೂ ಹೋದ್ರೆ ಅದು ಅಲ್ಲಿಂದ ಮಿದುಳಿಗೇ ಏರಿ ಕಾಯಿಲೆ ತರಬಹುದು."

"ಅದೇ ನೀರಲ್ಲಿ ಬಾಯಿ ಮುಕ್ಕಳಿಸ್ತೀವಲ್ಲ?"

"ಬಾಯಿಗೆ ಹೋದ್ರೆ, ಕುಡಿದ್ರೆ ಈ ಕಾಯಿಲೆ ಬರಲ್ಲ. ಮೂಗೇ ಅದರ ದಾರಿ."

"ಉಪ್ಪು ಹಾಕಿದ್ದೀನಿ!"

"ಚಿಟಿಕೆ ಉಪ್ಪಿಗೆ ಅದು ಸಾಯಲ್ಲ ಭಾವ."

"ಹತ್ತು ವರ್ಷದಿಂದ ಹೀಗೇ ತೊಳೀತಿದ್ದೀನಿ. ನನ್ನ ಮಿದುಳಿಗೇನಾಗಿದೆ?"

"ಅದನ್ನ ನನ್ನ ಕೇಳಿ," ಎಂದಳು ಅಡುಗೆಮನೆಯಿಂದ ಹೆಂಡತಿ.

ನಾದಿನಿಗೂ ನಗು ಬಂತು. ಆದರೂ ಪಾತ್ರೆಯ ಮೇಲಿಟ್ಟ ಕೈ ತೆಗೆಯಲಿಲ್ಲ. "ಸುಮ್ಮನೆ ಹೆದರಿಸ್ತಿಲ್ಲ. ಈ ಕಾಯಿಲೆ ಬಹಳ ಅಪರೂಪ. ಆದ್ರೆ ಬಂದ್ರೆ ಬದುಕಿಸಿಕೊಳ್ಳೋದು ತುಂಬಾ ಕಷ್ಟ. ಹೋಗ್ಲಿ, ನೀವೇ ಹೇಳಿ. ಹಾಸಿಗೇಲಿ ತಿಗಣೆ ಅಂತ ಗಿರಾಕಿ ಬಂದ್ರೆ, ಸ್ವಲ್ಪ ಬೆಚ್ಚಗೆ ಮಾಡಿ ಸಾಕು ಅಂತೀರಾ?"

"ಯಾರಾದ್ರೂ ಹಾಗಂತಾರಾ? ಬೆಚ್ಚಗಾದ್ರೆ ಅವಕ್ಕೆ ಇನ್ನೂ ಹುರುಪು! ಮಂಚದ ಸಂದಿಗೆ ಕುದಿಯೋ ನೀರೇ ಸುರೀಬೇಕು, ಆಗ..."

ಹತ್ತಿಯಣ್ಣ ಕೈಯಲ್ಲಿದ್ದ ಪಾತ್ರೆ ನೋಡಿದ. ತಲೆ ಓರೆ ಮಾಡಿಕೊಂಡು ಕಾಯುತ್ತಿದ್ದ ಮಗಳನ್ನು ನೋಡಿದ. ನೀರನ್ನು ಚೆಲ್ಲಿ, ತಾನೇ ಹೋಗಿ ಒಲೆ ಹಚ್ಚಿದ.

"ಎಷ್ಟು ಹೊತ್ತು ಕುದೀಬೇಕು?"

"ಕೊತಕೊತ ಕುದಿಯೋಕೆ ಶುರುವಾದ ಮೇಲೂ ಒಂದು ನಿಮಿಷ. ಆಮೇಲೆ ಮುಚ್ಚಿಟ್ಟು ಆರಿಸಿ. ಪಾತ್ರೇನೂ ತೊಳೆದು ಒಣಗಿಸಿಡಿ."

ನೀರು ಆರುವಷ್ಟರಲ್ಲಿ ಮಗಳು ಹತ್ತು ಸಲ "ಆಯ್ತಾ?" ಎಂದಳು. ಕಡೆಗೆ ಮೂಗು ತೊಳೆದುಕೊಂಡು, ಉದ್ದಕ್ಕೆ ಉಸಿರೆಳೆದು, ಅಪ್ಪನ ಅಂಗಿ ಮೂಸಿದಳು. "ಅಪ್ಪಾ, ಎಷ್ಟು ಬೆವರು ವಾಸನೆ!" ಹತ್ತಿಯಣ್ಣನಿಗೆ ಯಾವ ಹೊಗಳಿಕೆಯಿಂದಲೂ ಅಷ್ಟು ಖುಷಿಯಾಗಿರಲಿಲ್ಲ.

ನೀವೂ ಮೂಗು ತೊಳೆಯುವವರೇ? ಕುದಿಸಿ ಆರಿಸಿದ ನೀರನ್ನೇ ಬಳಸಿ. ಬೇಸಿಗೆಯಲ್ಲಿ ಬೆಚ್ಚಗೆ ನಿಂತ ಕೆರೆಕುಂಟೆಗಳಿಗೆ ಧುಮುಕಬೇಡಿ. ಇಳಿದರೂ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ. ಮೂಗಿಗೆ ಅಂಥ ನೀರು ಹೋಗಿ ಎರಡು ವಾರದೊಳಗೆ ಜ್ವರ, ವಿಪರೀತ ತಲೆನೋವು, ವಾಂತಿ, ಕತ್ತು ಬಿಗಿತ ಕಂಡರೆ ಆಗಲೇ ಆಸ್ಪತ್ರೆಗೆ ಓಡಿ, ನೀರಿನ ವಿಷಯವನ್ನೂ ಡಾಕ್ಟರಿಗೆ ಹೇಳಿ. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ರೋಗಿಯನ್ನು ದೂರ ಮಾಡಬೇಡಿ.

ನೀರು ಆರುವವರೆಗೆ ಮಗು ಸಿಡುಕಬಹುದು. ಸಿಡುಕಲಿ ಬಿಡಿ. ಸಿಡುಕುತ್ತಾ ಕಣ್ಣೆದುರಿಗೇ ಇರುತ್ತದಲ್ಲ, ಅಷ್ಟು ಸಾಕು.