ತೊರೆಕೇರಿಯ ಗುಡ್ಡ ಬಿರಿದ ದಿನ

ಮಾಸ್ತಮ್ಮನ ಬಲಗಾಲು ಮೊಣಕಾಲಿನವರೆಗೆ ನೆಲದೊಳಗೆ ಹೋಯಿತು.

ತಲೆಯ ಮೇಲಿನ ಒಣಮೀನಿನ ಬುಟ್ಟಿಯನ್ನು ಅವುಚಿ ಹಿಡಿದು, ಹೇಗೋ ಕಾಲೆಳೆದುಕೊಂಡಳು. ಹುಲ್ಲು ಸರಿಸಿ ನೋಡಿದರೆ ಬಿರುಕು. ಹೋದ ವಾರ ಇದೇ ಜಾಗದಲ್ಲಿ ಬೆರಳು ತೂರುವಷ್ಟು ಸಂದಿ ಇತ್ತು, ದಾಟಿಕೊಂಡು ಹೋಗಿದ್ದಳು. ಈಗ ಒಂದು ಗೇಣು ಅಗಲ. ಗುಡ್ಡದ ನೆತ್ತಿಗೆ ಅಡ್ಡವಾಗಿ, ಮಳೆಯಲ್ಲಿ ಕಣ್ಣು ಹಾಯುವಷ್ಟು ದೂರ ಹೋಗಿತ್ತು. ಅದರ ಕೆಳಬದಿಯ ಗೇರುಮರಗಳೆಲ್ಲ ಒಂದೇ ಕಡೆ ವಾಲಿದ್ದವು.

ಎಂಬತ್ತೆರಡನೇ ಇಸವಿಯ ಪುನರ್ವಸು ಮಳೆ ಅದು, ಮೂರು ದಿನದಿಂದ ಬಿಟ್ಟಿರಲಿಲ್ಲ. ಮಳೆಗಾಲಕ್ಕೆ ದೋಣಿಗಳು ದಡ ಸೇರಿದ ಮೇಲೆ ಮಾಸ್ತಮ್ಮ ಅಘನಾಶಿನಿಯಿಂದ ಒಣಮೀನು ಹೊತ್ತು ಸಂತೆಗುಳಿಗೆ ಬರುತ್ತಿದ್ದಳು. ಅಲ್ಲಿಂದ ಈ ಗುಡ್ಡ ಹತ್ತಿಳಿದರೆ ತೊರೆಕೇರಿ. ಒಂಬತ್ತು ಮನೆ, ಮನೆಗಳ ಎದುರು ಹಳ್ಳ, ಹಳ್ಳದಾಚೆ ಬಂಡೆಯ ಮೇಲೆ ಶಾಲೆ. ಹನ್ನೆರಡು ವರ್ಷದಿಂದ ಅವಳು ಹೋಗಿ ಬರುತ್ತಿದ್ದ ದಾರಿ.

ತಿರುಗಿ ಹೋಗಿಬಿಡಬಹುದಿತ್ತು. ಮನಸ್ಸೂ ಹಾಗೇ ಹೇಳಿತು. ಆದರೆ ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು. ಇಂಥ ಮಳೆಯಲ್ಲಿ ನೆತ್ತಿಯವರೆಗೂ ಕೇಳಬೇಕಾಗಿದ್ದ ಹಳ್ಳದ ಸದ್ದೇ ಇಲ್ಲ. ಜಾರುತ್ತ, ಬೇರು ಹಿಡಿಯುತ್ತ ಕೆಳಗೆ ಓಡಿದಳು.

ಮೊದಲ ಮನೆ ಬೊಮ್ಮಯ್ಯನದು. ಕೇರಿಗೆ ಹಿರಿಯ ಅವನೇ. ಸೊಸೆ ಗಣಪಿ ಜಗಲಿಯಲ್ಲಿದ್ದಳು.

"ಎಂತ ಮಾರಾಯ್ತಿ, ಮೈಯೆಲ್ಲ ಕೆಸರು?"

"ಗುಡ್ಡ ಬಿರಿದಿದೆ ಗಣಪಿ. ಎಲ್ಲರನ್ನೂ ಕರಿ. ಈಗಲೇ ಶಾಲೆಗೆ ಹೋಗಿ."

ಬೊಮ್ಮಯ್ಯ ಹೊರಗೆ ಬಂದ. ಪಕ್ಕದ ಮನೆಯ ನಾಗಪತಿ ಕೊಡೆ ಹಿಡಿದು ಬಂದ. ಬಿರುಕಿನ ಮಾತು ಕೇಳಿ ಬೊಮ್ಮಯ್ಯ ನಕ್ಕುಬಿಟ್ಟ.

"ಸಮುದ್ರದ ಬದಿಯವಳು ನೀನು. ಗುಡ್ಡದ ವಿಷಯ ನಿಂಗೆಂತ ಗೊತ್ತು? ನನ್ನಜ್ಜ ಹುಟ್ಟಿದ್ದೇ ಇದರ ಬುಡದಲ್ಲಿ."

ನಾಗಪತಿಗೆ ಸಿಟ್ಟೇ ಬಂತು. "ಹೊತ್ತಲ್ಲದ ಹೊತ್ತಲ್ಲಿ ಅಪಶಕುನ ನುಡಿಬೇಡ. ಏನೂ ಆಗದಿದ್ರೆ ಈ ಕೇರಿಯಲ್ಲಿ ನಿನ್ನ ಮೀನು ಯಾರೂ ತಗಳೂದಿಲ್ಲ, ನೋಡು."

"ಆತು, ತಗಳಬೇಡಿ. ಆದ್ರೆ ಬೊಮ್ಮಯ್ಯಣ್ಣ, ಹಳ್ಳ ಎಲ್ಲಿ ಹೋಯ್ತು, ಹೇಳು."

ಎಲ್ಲರೂ ಕಿವಿಗೊಟ್ಟರು. ಮಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಬೊಮ್ಮಯ್ಯ ಅಂಗಳದ ತುದಿಗೆ ಹೋಗಿ ನೋಡಿದ. ಬೆಳಿಗ್ಗೆ ಹಳ್ಳ ದಾಟುವ ಸಂಕದ ಮರಗಳನ್ನು ಮುಟ್ಟಿ ಹರಿಯುತ್ತಿದ್ದ ನೀರು ಇಳಿದು, ತಳದ ಕಲ್ಲು ಕಾಣುತ್ತಿತ್ತು. ಮೇಲೆಲ್ಲೋ ಮಣ್ಣು ಕುಸಿದು ಹಳ್ಳವನ್ನು ಕಟ್ಟಿಹಾಕಿತ್ತು.

ಆಗ ಗಣಪಿ ಮೆಲ್ಲಗೆ ಹೇಳಿದಳು: "ಮಾವ, ಬೆಳಿಗ್ಗೆಯಿಂದ ಹಿತ್ತಿಲ ಬಾಗಿಲು ಹಾಕೂಕೆ ಆಗ್ತಾ ಇಲ್ಲ. ಚೌಕಟ್ಟು ಸೊಟ್ಟಗಾಗಿದೆ."

ಬೊಮ್ಮಯ್ಯ ತಿರುಗಿ ಗುಡ್ಡದ ಕಡೆ ನೋಡಿದ. ಮರುಗಳಿಗೆಯಲ್ಲಿ ಅವನು ಮನೆಮನೆಯ ಮುಂದೆ ನಿಂತು ಕೂಗುತ್ತಿದ್ದ. "ಪಾತ್ರೆ ಪಗಡ ಮುಟ್ಟಬೇಡಿ! ಮಕ್ಕಳನ್ನ ಎತ್ತಿಕೊಳ್ಳಿ!"

ಎರಡೇ ಮರ ಹಾಸಿದ ಸಂಕ. ಒಬ್ಬೊಬ್ಬರೇ ದಾಟಬೇಕು. ಕಟ್ಟಿಕೊಂಡ ನೀರು ಒಡೆದರೆ ಸಂಕ ಹೋಗುತ್ತದೆ, ತಡಮಾಡಿದರೆ ಗುಡ್ಡ ಬರುತ್ತದೆ. ಬೊಮ್ಮಯ್ಯನ ಹೆಂಡತಿ ಗಂಗಿ ಎರಡು ವರ್ಷದಿಂದ ಹಾಸಿಗೆ ಹಿಡಿದವಳು. ಮಾಸ್ತಮ್ಮ ಬುಟ್ಟಿಯನ್ನು ಜಗಲಿಯಲ್ಲೇ ಬಿಟ್ಟು ಅವಳನ್ನು ಬೆನ್ನಿಗೆ ಹಾಕಿಕೊಂಡಳು. ಗಣಪಿ ಕಂಬಳಿಯಿಂದ ಇಬ್ಬರನ್ನೂ ಸೇರಿಸಿ ಬಿಗಿದಳು.

"ನನ್ನ ಬಿಟ್ಟು ಹೋಗೇ," ಎಂದಳು ಮುದುಕಿ.

"ಸುಮ್ನಿರಿ ಅಮ್ಮ. ಅಲ್ಲಾಡಬೇಡಿ."

ಸಂಕದ ನಡುವೆ ಬಂದಾಗ ಹಸಿಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಮೇಲಿನ ಮಣ್ಣಿನ ಕಟ್ಟು ಸೋರತೊಡಗಿ ಕೆಳಗೆ ಕೆಂಪು ನೀರು ಸರಸರ ಏರುತ್ತಿತ್ತು. ಮಾಸ್ತಮ್ಮ ಆಚೆ ನೋಡಲಿಲ್ಲ, ಈಚೆ ನೋಡಲಿಲ್ಲ. ಹೆಬ್ಬೆರಳು ಊರಿ ಊರಿ ನಡೆದಳು. ಆಚೆ ದಡದಲ್ಲಿ ಯಾರೋ ಕೈಹಿಡಿದು ಎಳೆದುಕೊಂಡರು. ಹಿಂದೆಯೇ ಗಣಪಿ ಬಂದಳು, ಕೊನೆಗೆ ಬೊಮ್ಮಯ್ಯ.

"ನಾಗಪತಿ ಎಲ್ಲಿ?" ಎಂದ ಬೊಮ್ಮಯ್ಯ.

ನಾಗಪತಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡುತ್ತ ದನಗಳ ಹಗ್ಗ ಕೊಯ್ಯುತ್ತಿದ್ದ. ಒಂಬತ್ತೂ ಮನೆಯ ದನ. ಕೂಗಿದರೆ ಕೈ ಬೀಸಿದ. ಅವನು ಸಂಕದ ಹತ್ತಿರ ಬರುವಷ್ಟರಲ್ಲಿ ಕಟ್ಟಿದ್ದ ನೀರು ಒಡೆದು ನುಗ್ಗಿ ಎರಡೂ ಮರಗಳನ್ನು ಕಡ್ಡಿಯಂತೆ ಎತ್ತಿಕೊಂಡು ಹೋಯಿತು. ನಾಗಪತಿ ಒಂದು ಕ್ಷಣ ನಿಂತ. ಆಮೇಲೆ ದನಗಳ ಹಿಂದೆ ಹಳ್ಳದ ಬದಿಯಲ್ಲೇ ಕೆಳಕ್ಕೆ ಓಡಿದ.

ಗುಡ್ಡ ಬಂತು. ಗೇರುಮರಗಳು ನಿಂತ ಹಾಗೆಯೇ ನಡೆದುಬಂದವು. ಬೊಮ್ಮಯ್ಯನ ಮನೆಯ ಹೆಂಚಿನ ಮಾಡು ಒಮ್ಮೆ ಮೇಲೆದ್ದು ಮಣ್ಣಿನೊಳಗೆ ಹೋಯಿತು. ಒಂಬತ್ತರಲ್ಲಿ ಏಳು ಮನೆ ಇಲ್ಲ. ಶಾಲೆಯ ಜಗಲಿಯಲ್ಲಿ ತಲೆ ಎಣಿಸಿದರು; ನಾಗಪತಿಯೊಬ್ಬನೇ ಇಲ್ಲ.

ಮಧ್ಯಾಹ್ನದ ಮೇಲೆ ಸಂತೆಗುಳಿಯ ಜನ ಸುತ್ತುದಾರಿಯಲ್ಲಿ ಬಂದು ಹುಡುಕಿದಾಗ, ನಾಗಪತಿ ಬಿದ್ದ ಹಲಸಿನ ಮರದಡಿ ಸಿಕ್ಕಿದ. ಕಾಲು ಮುರಿದಿತ್ತು, ಜೀವವಿತ್ತು. ದನಗಳಲ್ಲಿ ನಾಲ್ಕು ಹೋಗಿದ್ದವು. ಸುದ್ದಿ ಕೇಳಿ ಮಾಸ್ತಮ್ಮ ಗೋಡೆಗೆ ಒರಗಿ ಕುಳಿತು ಮೊದಲ ಸಲ ಅತ್ತಳು.

ಮಳೆ ಮುಗಿದ ಮೇಲೆ ಬೊಮ್ಮಯ್ಯ ಹಳೇ ಜಾಗದಲ್ಲೇ ಮನೆ ಕಟ್ಟುತ್ತೇನೆಂದು ಹಟ ಹಿಡಿದ. ಗಣಪಿ ಮಾವನಿಗೆ ಎಂದೂ ಎದುರಾಡಿದವಳಲ್ಲ. "ನೀವು ಕಟ್ಟಿ ಮಾವ. ನಾ ಅತ್ತೇನ ಕರಕೊಂಡು ಇಲ್ಲೇ, ಶಾಲೆ ಬದಿಗೇ ಇರ್ತೆ," ಎಂದಳು. ಕಡೆಗೆ ಕೇರಿಯೇ ಶಾಲೆಯ ಬದಿಗೆ ಬಂತು. ಗದ್ದೆಗಳು ಮಾತ್ರ ಹಳ್ಳದಾಚೆ ಗುಡ್ಡದ ಬುಡದಲ್ಲೇ ಉಳಿದವು. ಕುಂಟುವ ನಾಗಪತಿ ಪ್ರತಿ ಮಳೆಗಾಲಕ್ಕೆ ಮೊದಲು ಉಳಿದ ಗುಡ್ಡ ಹತ್ತಿ ಸಾಲಾಗಿ ಗೂಟ ಹೊಡೆಯುತ್ತಿದ್ದ. ವಾರಕ್ಕೊಮ್ಮೆ ಗೂಟದಿಂದ ಗೂಟಕ್ಕೆ ಹಗ್ಗ ಹಿಡಿದು ಅಳೆಯುತ್ತಿದ್ದ. "ಮೊದಲೆಲ್ಲ ಮಳೆ ಬಿಟ್ಟು ಬಿಟ್ಟು ಬರ್ತಿತ್ತು. ಈಗ ಒಮ್ಮೆಲೇ ಸುರೀತದೆ. ನಾವೂ ಬದಲಾಗಬೇಕು," ಎನ್ನುತ್ತಿದ್ದ.

ಎಂಬತ್ತೈದರಲ್ಲಿ ಹಗ್ಗ ಎರಡು ಗೇಣು ಸಾಲದೆ ಬಂತು; ಗುಡ್ಡ ಮತ್ತೆ ಸರಿಯುತ್ತಿತ್ತು. ಅವತ್ತಿನಿಂದ ಯಾರೂ ಗದ್ದೆಗೆ ಇಳಿಯಲಿಲ್ಲ. ಐದನೇ ದಿನ ಬೆಳಿಗ್ಗೆ ಗುಡ್ಡದ ಇನ್ನೊಂದು ಮೈ ಕುಸಿದು, ನಾಟಿ ಮಾಡಿದ ಗದ್ದೆಯನ್ನೆಲ್ಲ ಮುಚ್ಚಿತು.

ಬೊಮ್ಮಯ್ಯ ಜಗಲಿಯಲ್ಲಿ ನಿಂತು ಬಹಳ ಹೊತ್ತು ನೋಡಿದ. "ಅಜ್ಜನ ಗದ್ದೆ," ಎಂದ, ಯಾರಿಗೂ ಅಲ್ಲದಂತೆ.

ಗಣಪಿ ಒಳಗೆ ಹೋಗಿ ಅವನಿಗೆ ಚಾ ತಂದುಕೊಟ್ಟಳು.